ಒಂದೇ ಥರ ಮುರಿದ ಎರಡು ಗುಂಪು ಬುಷ್‌ಗಳು: ಹುಬ್ಬಳ್ಳಿಯ ಒಂದು ನೈಲಾನ್ ಪ್ರಕರಣ

ಏಪ್ರಿಲ್ ಮೂರನೇ ವಾರ ಹುಬ್ಬಳ್ಳಿಯಿಂದ ಫೋನ್ ಬಂತು. ಊರ ಹೊರಗಿನ ಒಂದು ಇಂಡಸ್ಟ್ರಿಯಲ್ ಏರಿಯಾದಲ್ಲಿ ಎರಡು ಇಂಜೆಕ್ಷನ್ ಮೋಲ್ಡಿಂಗ್ ಮಷಿನ್ (ಪ್ಲಾಸ್ಟಿಕ್ ಕಾಳು ಕರಗಿಸಿ ಡೈಗೆ, ಅಂದರೆ ಅಚ್ಚಿಗೆ, ತುಂಬುವ ಮಷಿನ್) ಇರುವ ಸಣ್ಣ ಶೆಡ್ ಅದು. ಮಾಲೀಕರು ನನಗೆ ಹಳೆಯ ಪರಿಚಯ. ನಾನು ಧಾರವಾಡದಲ್ಲಿ ಪಾಲಿಮರ್ ಪಾಠ ಹೇಳುವವನು. ಏನಾದರೂ ತೊಡಕಾದರೆ ಅವರು ನನಗೆ ಹೇಳುತ್ತಾರೆ.

"ಸರ್ರ, ನೈಲಾನ್ ಬುಷ್ ಬಿಸ್ಕೀಟ್ ಮುರಿದಂಗ ಮುರಿಯಾಕತ್ತಾವ್ರೀ. ಪಾರ್ಟಿಯವ್ರು ಎಲ್ಲಾ ಮಾಲ್ ವಾಪಸ್ ಕಳಸ್ತೇವಿ ಅನ್ನಾಕತ್ತಾರ. ಒಂದ್ ಸಲ ಬಂದ್ ನೋಡ್ರೀ."

ಮರುದಿನವೇ ಹೋದೆ. ಟೇಬಲ್ ಮೇಲೆ ಒಂದು ಬುಟ್ಟಿ ತುಂಬ ಮುರಿದ ತುಂಡುಗಳು ಬಿದ್ದಿದ್ದವು. ಕಾಲರ್ ಒಂದು ಕಡೆ, ಕೊಳವೆ ಒಂದು ಕಡೆ.

ಇದು ಟ್ರ್ಯಾಕ್ಟರ್ ಕೂರಿಗೆಯ ಬುಷ್. ಬೀಜದ ಪೆಟ್ಟಿಗೆಯ ಕೆಳಗೆ ಉದ್ದಕ್ಕೆ ಒಂದು ಶಾಫ್ಟ್ ತಿರುಗುತ್ತದೆ. ನೆಲದ ಮೇಲೆ ಉರುಳುವ ಗಾಲಿಯಿಂದ ಚೈನ್ ಬಂದು ಅದನ್ನು ತಿರುಗಿಸುತ್ತದೆ. ಶಾಫ್ಟ್ ಮೇಲಿನ ರೋಲರ್‌ಗಳು ಅಳೆದ ಹಾಗೆ ಬೀಜ ಬಿಡುತ್ತವೆ. ಶಾಫ್ಟ್ ನೇರವಾಗಿ ಕಬ್ಬಿಣದ ಪ್ಲೇಟಿನ ತೂತಿನಲ್ಲಿ ತಿರುಗಿದರೆ ಎರಡೂ ಸವೆಯುತ್ತವೆ. ಹೊಲದ ಮಣ್ಣಿನ ಧೂಳಿನಲ್ಲಿ ಎಣ್ಣೆ, ಗ್ರೀಸ್ ಹಾಕುವುದಕ್ಕೂ ಆಗುವುದಿಲ್ಲ. ಹಾಕಿದರೆ ಧೂಳು ಅಂಟಿ ಮಸೆಯುವ ಕಲ್ಲಿನಂತೆ ಆಗುತ್ತದೆ. ಅದಕ್ಕೇ ನಡುವೆ ನೈಲಾನ್ ಬುಷ್. ಒಳತೂತು 20 ಮಿ.ಮೀ. ಶಾಫ್ಟಿಗೆ, ಹೊರ ಅಳತೆ 26 ಮಿ.ಮೀ., ಉದ್ದ 30 ಮಿ.ಮೀ., ಒಂದು ತುದಿಗೆ ಅಗಲವಾದ ಕಾಲರ್. ಒಂದರ ತೂಕ ಹತ್ತು ಗ್ರಾಂಗೆ ಸ್ವಲ್ಪ ಕಡಿಮೆ. ಪ್ಲೇಟಿನ ತೂತಿಗೆ ಇಟ್ಟು ಮೇಲೆ ಕಟ್ಟಿಗೆ ತುಂಡು ಹಿಡಿದು ಸುತ್ತಿಗೆಯಿಂದ ಎರಡು ಪೆಟ್ಟು ಕೊಟ್ಟರೆ ಕೂತುಬಿಡಬೇಕು. ಈ ಸಲ ಎರಡನೇ ಪೆಟ್ಟಿಗೆ ಟಿಕ್ ಅಂತ ಕಾಲರ್ ಹಾರಿಹೋಗುತ್ತಿತ್ತು.

ಆರ್ಡರ್ 4,000 ಬುಷ್. ರೋಹಿಣಿ ಮಳೆ ಬೀಳುವುದರೊಳಗೆ ಕೂರಿಗೆ ತಯಾರಾಗಿ ಅಂಗಡಿಗೆ ಹೋಗಬೇಕು. ಮುಂಗಾರಿನ ಹೆಸರು, ಶೇಂಗಾ, ಗೋವಿನಜೋಳದ ಬಿತ್ತನೆ ಯಾರಿಗೂ ಕಾಯುವುದಿಲ್ಲ. ಹಾಗಾಗಿ ಎಲ್ಲರಿಗೂ ಅವಸರ.

ಮೊದಲ ಅನುಮಾನಗಳು

ಮಾಲೀಕರ ಅನುಮಾನ ಕಚ್ಚಾ ಮಾಲಿನ ಮೇಲೆ, ಅಂದರೆ ನೈಲಾನ್ ಕಾಳಿನ (ಗ್ರಾನ್ಯೂಲ್) ಮೇಲೆ. "ಗ್ರಾನ್ಯೂಲ್ ಕೊಟ್ಟವ್ರು ಏನೋ ಮಿಕ್ಸ್ ಮಾಡ್ಯಾರ." ಕೂರಿಗೆ ಮಾಡುವವರ ಅನುಮಾನ ಮಾಲೀಕರ ಮೇಲೆ. ಇವರು ಹಳೇ ತುಂಡು ಅರೆದು ಸೇರಿಸಿದ್ದಾರೆ ಅಂತ. ಮಷಿನ್ ನೋಡುವ ಹುಡುಗ ಏನೂ ಹೇಳಲಿಲ್ಲ. ಆದರೆ ಅವನ ಹತ್ತಿರವೇ ಅರ್ಧ ಉತ್ತರ ಇತ್ತು. ಅದು ನನಗೆ ಗೊತ್ತಾಗಿದ್ದು ಮೂರು ದಿನ ಆದ ಮೇಲೆ.

ನಾನು ಕೇಳಿದ ಮೊದಲ ಪ್ರಶ್ನೆ: ಹಿಂದಿನ ವರ್ಷಗಳಲ್ಲಿ ಇದೇ ಡೈ, ಇದೇ ನೈಲಾನ್, ಇದೇ ಮಷಿನ್ ಇದ್ದಾಗ ಯಾಕೆ ಮುರಿಯಲಿಲ್ಲ? ಉತ್ತರ ಸಿಕ್ಕಿತು. ಹಿಂದೆಲ್ಲ ಈ ಬುಷ್‌ಗಳನ್ನು ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬಿಡುವಿದ್ದಾಗ ಮಾಡಿ ಗೋಣಿಚೀಲದಲ್ಲಿ ತುಂಬಿಡುತ್ತಿದ್ದರು. ಏಪ್ರಿಲ್‌ನಲ್ಲಿ ಕೊಡುತ್ತಿದ್ದರು. ಈ ವರ್ಷ ಸ್ಟಾಕ್ ಇರಲಿಲ್ಲ. ಏಪ್ರಿಲ್ ಮೊದಲ ವಾರ ಮಷಿನ್‌ನಿಂದ ತೆಗೆದರು, ಇನ್ನೂ ಬೆಚ್ಚಗಿರುವಾಗಲೇ ಪಾಲಿಥಿನ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿದರು, ಎರಡನೇ ದಿನ ಕಳಿಸಿದರು.

ಮಷಿನ್‌ನಿಂದ ಆಗತಾನೇ ಬಂದ ನೈಲಾನ್ ತುಂಡಿನಲ್ಲಿ ನೀರಿನ ಅಂಶ ಹೆಚ್ಚುಕಡಿಮೆ ಇರುವುದೇ ಇಲ್ಲ. ನೈಲಾನ್‌ಗೆ ನೀರು ಬೇಕು. ಇದು ಕೇಳಿದರೆ ಮಾಲೀಕರು ನಂಬಲಿಲ್ಲ. ಪ್ಲಾಸ್ಟಿಕ್ ಅಂದರೆ ನೀರು ತಾಗದ ವಸ್ತು ಅಂತಲೇ ನಾವೆಲ್ಲ ತಿಳಿದಿರುವುದು, ಅಲ್ವಾ? ಕೊಡಪಾನ, ನೀರಿನ ಟ್ಯಾಂಕ್, ಮಳೆಗಾಲದ ಕೊಪ್ಪೆ ಎಲ್ಲ ಪ್ಲಾಸ್ಟಿಕ್ಕೇ. ಆದರೆ ಕೊಡದ ಪ್ಲಾಸ್ಟಿಕ್ ಬೇರೆ, ಬುಷ್‌ನ ಪ್ಲಾಸ್ಟಿಕ್ ಬೇರೆ. ಬೇರೆ ಅನ್ನುವುದು ಹೆಸರಿನಲ್ಲಿ ಅಲ್ಲ, ಒಳಗಿನ ಕಟ್ಟಡದಲ್ಲಿ.

ಒಳಗೆ ಏನಿದೆ

ಎಲ್ಲ ಪ್ಲಾಸ್ಟಿಕ್ಕೂ ಸರಪಳಿಯಂಥ ಉದ್ದ ಅಣುಗಳ ರಾಶಿ. ಇಂಥ ವಸ್ತುವಿಗೇ ಪಾಲಿಮರ್ ಅನ್ನುವುದು. ಇದನ್ನು ಜರ್ಮನಿಯ ಹರ್ಮನ್ ಸ್ಟಾಡಿಂಗರ್ 1920ರಲ್ಲಿ ಬರೆದಾಗ ಆಗಿನ ದೊಡ್ಡ ರಸಾಯನ ವಿಜ್ಞಾನಿಗಳೇ ಒಪ್ಪಲಿಲ್ಲ. ಅಷ್ಟು ಉದ್ದದ ಅಣು ಇರುವುದು ಸಾಧ್ಯವಿಲ್ಲ, ಸಣ್ಣ ಅಣುಗಳು ಗುಂಪಾಗಿ ಅಂಟಿಕೊಂಡಿವೆ ಅಷ್ಟೇ ಅಂದರು. ಸ್ಟಾಡಿಂಗರ್ ಅವರಿಗೆ ನೊಬೆಲ್ ಬಂದಿದ್ದು 1953ರಲ್ಲಿ, ಮೂವತ್ತಮೂರು ವರ್ಷದ ಮೇಲೆ.

ಕೊಡಪಾನದ ಎಚ್‌ಡಿಪಿಇ (ಹೆಚ್ಚು ಸಾಂದ್ರತೆಯ ಪಾಲಿಥಿನ್) ಸರಪಳಿಯಲ್ಲಿ ಇಂಗಾಲ ಮತ್ತು ಜಲಜನಕ ಬಿಟ್ಟರೆ ಬೇರೇನೂ ಇಲ್ಲ. ಪಕ್ಕದ ಸರಪಳಿಯನ್ನು ಹಿಡಿದುಕೊಳ್ಳಲು ಅದಕ್ಕೆ ಕೈಗಳಿಲ್ಲ. ನುಣುಪಾದ, ನೇರ ಸರಪಳಿಗಳು ಒತ್ತೊತ್ತಾಗಿ ಮಲಗುತ್ತವೆ, ಅದರಿಂದಲೇ ಗಟ್ಟಿ. ನೀರಿಗೆ ಅಲ್ಲಿ ಕೂರಲು ಜಾಗವಿಲ್ಲ, ಕರೆಯುವವರೂ ಇಲ್ಲ. ಅದೇ ಸರಪಳಿಗೆ ಅಲ್ಲಲ್ಲಿ ಕೊಂಬೆ ಒಡೆದಿದ್ದರೆ ಒತ್ತಾಗಿ ಮಲಗಲು ಆಗುವುದಿಲ್ಲ, ನಡುವೆ ಸಂದು ಬೀಳುತ್ತದೆ. ಆಗ ಸಿಗುವುದು ಎಲ್‌ಡಿಪಿಇ (ಕಡಿಮೆ ಸಾಂದ್ರತೆಯ ಪಾಲಿಥಿನ್), ಹಾಲಿನ ಪಾಕೀಟಿನ ಮೆತ್ತನೆಯ ಹಾಳೆ. ಎರಡರಲ್ಲೂ ಇರುವ ಧಾತುಗಳು ಅವೇ ಎರಡು. ಒಂದು ಕ್ರೇಟ್ ಆಯಿತು, ಇನ್ನೊಂದು ಪಾಕೀಟು ಆಯಿತು. ಸಾಂದ್ರತೆ ನೋಡಿ: ನೇರ ಸರಪಳಿಯದು 0.94ರಿಂದ 0.97, ಕೊಂಬೆಯದು 0.91ರಿಂದ 0.93. ಈ ಸಣ್ಣ ವ್ಯತ್ಯಾಸದ ಮೇಲೆ ಇಡೀ ಬಳಕೆ ಬದಲಾಗುತ್ತದೆ. ನನಗೆ ಪಾಲಿಮರ್ ಮೇಲೆ ಪ್ರೀತಿ ಹುಟ್ಟಿದ್ದೇ ಇಂಥ ಲೆಕ್ಕಗಳಿಂದ.

ನೈಲಾನ್ 6ರ ಸರಪಳಿ ಹಾಗಲ್ಲ. ಇಂಗಾಲದ ಐದು ಕೊಂಡಿ, ಆಮೇಲೆ ಒಂದು ಅಮೈಡ್ ಗಂಟು. ಮತ್ತೆ ಐದು ಕೊಂಡಿ, ಮತ್ತೆ ಗಂಟು. ಈ ಗಂಟಿನಲ್ಲಿ ಸಾರಜನಕದ ಜೊತೆ ಒಂದು ಜಲಜನಕ ಇದೆ, ಪಕ್ಕದಲ್ಲೇ ಒಂದು ಆಮ್ಲಜನಕ ಇದೆ. ಒಂದು ಸರಪಳಿಯ ಜಲಜನಕ ಪಕ್ಕದ ಸರಪಳಿಯ ಆಮ್ಲಜನಕವನ್ನು ಸೆಳೆಯುತ್ತದೆ. ಇದೇ ಹೈಡ್ರೋಜನ್ ಬಂಧ. ಒಂದೊಂದು ಬಂಧ ಸಡಿಲ, ಆದರೆ ಅವು ಸಾಲುಸಾಲಾಗಿ ಇವೆ. ಅದಕ್ಕೇ ಎಚ್‌ಡಿಪಿಇ ಸುಮಾರು 130 ಡಿಗ್ರಿಗೆ ಕರಗಿದರೆ ನೈಲಾನ್ 6 ಕರಗಲು 220 ಡಿಗ್ರಿ ಬೇಕು. ಮಣ್ಣಿನ ಉಜ್ಜಾಟ ತಡೆಯುವುದೂ ಈ ಹಿಡಿತದಿಂದಲೇ.

ಅಂಥ ಗಂಟು ಇದ್ದ ಕಡೆ ನೀರೂ ಬರುತ್ತದೆ. ನೀರಿನಲ್ಲೂ ಅವೇ ಜಲಜನಕ, ಆಮ್ಲಜನಕ. ಅದು ಎರಡು ಸರಪಳಿಗಳ ನಡುವೆ ಹೋಗಿ ಕೂರುತ್ತದೆ. ಸರಪಳಿಗಳು ಒಪ್ಪವಾಗಿ ಜೋಡಿಸಿಕೊಂಡ ಹರಳಿನ ಭಾಗಕ್ಕೆ ಅದಕ್ಕೆ ಪ್ರವೇಶ ಇಲ್ಲ. ಗೋಜಲಾಗಿ ಬಿದ್ದಿರುವ ಭಾಗದಲ್ಲಿ ಮಾತ್ರ. ಅಲ್ಲಿ ಸರಪಳಿಯ ಹಿಡಿತ ಸಡಿಲಾಗಿ ಜಾರಾಟಕ್ಕೆ ಅವಕಾಶ ಆಗುತ್ತದೆ. ಪೆಟ್ಟು ಬಿದ್ದಾಗ ಸರಪಳಿಗಳು ಸ್ವಲ್ಪ ಜಾರಿ ಪೆಟ್ಟನ್ನು ನುಂಗಿಕೊಳ್ಳುತ್ತವೆ. ಒಣಗಿದ ನೈಲಾನ್‌ನಲ್ಲಿ ಈ ಗೋಜಲು ಭಾಗ ಸುಮಾರು 50 ಡಿಗ್ರಿಯವರೆಗೂ ಗಾಜಿನಂತೆ ಬಿಗಿಯಾಗಿರುತ್ತದೆ. ಹುಬ್ಬಳ್ಳಿಯ ಏಪ್ರಿಲ್ ಬಿಸಿಲು 38 ಡಿಗ್ರಿ ಮುಟ್ಟಿದರೂ ಅದಕ್ಕೆ ಸಾಲದು. ಅದೇ ತುಂಡು ನೂರಕ್ಕೆ ಎರಡೂವರೆ, ಮೂರು ಭಾಗ ನೀರು ಕುಡಿದರೆ ಈ ಗಡಿ 20 ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತದೆ. ಆಗ ಮಾಮೂಲಿ ಹವೆಯಲ್ಲೇ ಅದು ಗಡುಸು ಬಿಟ್ಟು ಪೆಟ್ಟು ತಾಳುವಂತಾಗುತ್ತದೆ.

ಮಾಲೀಕರಿಗೆ ಇದನ್ನು ಹೇಳಲು ಬಟ್ಟೆಯ ಮಾತು ತೆಗೆದೆ. ಅವರು ಖಾದಿ ಅಂಗಿ ತೊಡುವವರು. ಬೆಂಗೇರಿಯಲ್ಲಿ ರಾಷ್ಟ್ರಧ್ವಜ ಹೊಲಿಯುವ ಊರಿನವರಿಗೆ ಖಾದಿ ಗೊತ್ತಿಲ್ಲದೆ ಇರುತ್ತದೆಯೇ? "ಇಸ್ತ್ರಿ ಮಾಡುವಾಗ ನೀರು ಯಾಕೆ ಚಿಮುಕಿಸುತ್ತೀರಿ?" ಅಂದೆ. "ಇಲ್ಲಾಂದ್ರ ನೆರಿಗಿ ಹೋಗಂಗಿಲ್ರೀ." ಹತ್ತಿಯೂ ಪಾಲಿಮರ್ರೇ. ಅದರ ಸೆಲ್ಯುಲೋಸ್ ಸರಪಳಿಗಳೂ ಹೈಡ್ರೋಜನ್ ಬಂಧದಿಂದಲೇ ಒಂದನ್ನೊಂದು ಹಿಡಿದಿರುತ್ತವೆ. ನೀರು ಒಳಗೆ ಹೋದರೆ ಹಿಡಿತ ಸಡಿಲ. ಆಗ ಇಸ್ತ್ರಿ ಒತ್ತಿದರೆ ಎಳೆ ಹೇಳಿದ ಮಾತು ಕೇಳುತ್ತದೆ. ನೀರು ಆರಿದ ಮೇಲೆ ಹೊಸ ಜಾಗದಲ್ಲಿ ಹಿಡಿತ ಬಿಗಿಯಾಗುತ್ತದೆ, ಗೆರೆ ನಿಲ್ಲುತ್ತದೆ. "ಹಂಗಾದ್ರ ನನ್ನ ಬುಷ್‌ಗೂ ನೀರ್ ಚಿಮುಕಸೋದಾ?" ಅಂದರು. ಚಿಮುಕಿಸಿದರೆ ಸಾಲದು, ಕುದಿಸಬೇಕು ಅಂದೆ.

ಕುದಿಸಿ ನೋಡಿದ್ದು

ಬುಟ್ಟಿಯಲ್ಲಿ ಉಳಿದಿದ್ದ ಮುರಿಯದ ಬುಷ್‌ಗಳನ್ನು ಪಾಕೀಟಿನ ತಾರೀಕು ನೋಡಿ ಎರಡು ಗುಂಪು ಮಾಡಿದೆ. ಏಪ್ರಿಲ್ 3ರಿಂದ 6ರವರೆಗೆ ಮಾಡಿದವು ಒಂದು ಗುಂಪು, 7 ಮತ್ತು 8ರಂದು ಮಾಡಿದವು ಇನ್ನೊಂದು. ಸುಮ್ನೆ ಒಂದು ಅಭ್ಯಾಸಕ್ಕೆ ಮಾಡಿದ ವಿಂಗಡಣೆ ಅದು. ಆಮೇಲೆ ಅದೇ ಪ್ರಕರಣವನ್ನು ಬಿಡಿಸಿತು.

ಪರೀಕ್ಷೆಗೆ ದೊಡ್ಡ ಸಾಮಾನು ಬೇಕಾಗಲಿಲ್ಲ. ಒಂದು ಮೀಟರ್ ಉದ್ದದ ಪಿವಿಸಿ ಪೈಪು ನೆಟ್ಟಗೆ ನಿಲ್ಲಿಸಿದೆವು. ಕೆಳಗೆ ಕಬ್ಬಿಣದ ಪ್ಲೇಟಿನ ತೂತಿನಲ್ಲಿ ಬುಷ್. ಮೇಲಿಂದ ಒಂದು ಕಿಲೋದ ತೂಕದ ಕಲ್ಲು ಬಿಟ್ಟೆವು. ಎಲ್ಲ ಬುಷ್‌ಗೂ ಒಂದೇ ಪೆಟ್ಟು ಸಿಗಬೇಕು ಅನ್ನುವುದಷ್ಟೇ ಉದ್ದೇಶ. ಮೊದಲ ಗುಂಪಿನ ಹತ್ತರಲ್ಲಿ ಏಳು ಮುರಿದವು. ಎರಡನೇ ಗುಂಪಿನ ಹತ್ತಕ್ಕೆ ಹತ್ತೂ ಮುರಿದವು.

ನಂತರ ಪ್ರತಿ ಗುಂಪಿನಿಂದ ಇಪ್ಪತ್ತು ಬುಷ್ ತೂಗಿದೆವು. ಎರಡೂ ಗುಂಪು 194 ಗ್ರಾಂ. ಎರಡನ್ನೂ ಬೇರೆಬೇರೆ ಪಾತ್ರೆಯಲ್ಲಿ ಹಾಕಿ ಮೂರು ತಾಸು ಕುದಿಸಿದೆವು. ಚಹಾ ಮಾಡುವ ಗ್ಯಾಸ್ ಒಲೆಯೇ ಸಾಕಾಯಿತು. ತೆಗೆದು ಒರೆಸಿ ತೂಗಿದಾಗ ಎರಡೂ 199 ಗ್ರಾಂ. ಐದು ಗ್ರಾಂ ನೀರು, ಅಂದರೆ ನೂರಕ್ಕೆ ಎರಡೂವರೆಗಿಂತ ಸ್ವಲ್ಪ ಜಾಸ್ತಿ. ಹೊರಪದರದ ನೀರು ಒಳಗೂ ಹರಡಲಿ ಅಂತ ಪಾಲಿಥಿನ್ ಚೀಲದಲ್ಲಿ ಕಟ್ಟಿ ಎರಡು ದಿನ ಬಿಟ್ಟೆವು.

ಎರಡು ದಿನದ ಮೇಲೆ ಮತ್ತೆ ಕಲ್ಲು ಬಿಟ್ಟೆವು. ಮೊದಲ ಗುಂಪಿನ ಹತ್ತರಲ್ಲಿ ಒಂದೂ ಮುರಿಯಲಿಲ್ಲ. ಟಿಕ್ ಅನ್ನುವ ಸದ್ದೇ ಹೋಗಿ ದಬ್ ಅನ್ನುವ ಸದ್ದು ಬಂತು. ಮಾಲೀಕರ ಮುಖ ಅರಳಿತು. ಆದರೆ ಎರಡನೇ ಗುಂಪು ಬಾಕಿ ಇತ್ತು. ಅದರಲ್ಲಿ ಹತ್ತಕ್ಕೆ ಎಂಟು ಮುರಿದವು.

ನೀರು ಎರಡೂ ಗುಂಪು ಸಮನಾಗಿ ಕುಡಿದಿದ್ದವು. ಒಂದಕ್ಕೆ ಜೀವ ಬಂತು, ಇನ್ನೊಂದಕ್ಕೆ ಬರಲಿಲ್ಲ. ಅಂದರೆ ಎರಡನೇ ಗುಂಪಿನ ರೋಗವೇ ಬೇರೆ.

ಎರಡನೇ ಗುಂಪಿನ ಕಥೆ

ಮುರಿದ ಜಾಗವನ್ನು ಬೆಳಕಿಗೆ ಹಿಡಿದು ಹ್ಯಾಂಡ್ ಲೆನ್ಸ್‌ನಲ್ಲಿ ನೋಡಿದೆ. ಸೂಜಿಮೊನೆಯಷ್ಟು ಸಣ್ಣ ಗುಳ್ಳೆಗಳು. ಹೊರಮೈ ಮೇಲೆ ಬೆಳ್ಳಿ ಬಣ್ಣದ ತೆಳು ಗೆರೆಗಳು, ಕರಗಿದ ಮಾಲು ಡೈಗೆ ಒಳಬಂದ ಕಡೆಯಿಂದ ಬೀಸಣಿಗೆ ಬಿಚ್ಚಿದ ಹಾಗೆ ಹರಡಿದ್ದವು. ಡೈನ ಎರಡು ಭಾಗ ಕೂಡುವ ಸಂದಿನಲ್ಲಿ ಕಾಗದದಷ್ಟು ತೆಳುವಾದ ಪೊರೆ. ಈ ಮೂರೂ ಒಟ್ಟಿಗೆ ಕಂಡರೆ ಕೇಳುವ ಪ್ರಶ್ನೆ ಒಂದೇ: ಕಾಳು ಒಣಗಿತ್ತೋ ಇಲ್ಲವೋ?

ಹುಡುಗನನ್ನು ಪಕ್ಕಕ್ಕೆ ಕರೆದೆ. "ತಮ್ಮಾ, 7ನೇ ತಾರೀಕು ಏನಾತು? ಬೈಯೋದಿಲ್ಲ, ಹೇಳು."

"ಸರ್ರ, ಅವತ್ತ ಮಾಲ್ ಭಾಳ ತೆಳ್ಳಗ ಬರಾಕತ್ತಿತ್ತು. ನಾಝಲ್‌ನಿಂದ ತಾನ ಸೋರತಿತ್ತು. ಅದಕ್ಕ ಟೆಂಪರೇಚರ್ ಇಳಿಸಿದ್ನಿ."

ಕಾಳಿನ ಹೊಸ ಚೀಲಗಳು 6ರಂದು ಮುಗಿದಿದ್ದವು. ಮೂಲೆಯಲ್ಲಿ ಹಿಂದಿನ ಮಳೆಗಾಲದಲ್ಲಿ ಬಾಯಿ ಬಿಚ್ಚಿ ದಾರ ಕಟ್ಟಿಟ್ಟಿದ್ದ ಹಳೇ ಚೀಲ ಇತ್ತು. ಅದನ್ನೇ ಹಾಕಿದರು. ಅದೇ ದಿನ ಕಾಳು ಒಣಗಿಸುವ ಡ್ರೈಯರ್‌ನ ಕಾಯಿಲ್ ಸುಟ್ಟುಹೋಗಿತ್ತು. ಒಣಗಿಸಲಿಲ್ಲ ಯಾಕೆ ಅಂದರೆ ಮಾಲೀಕರೇ ಉತ್ತರ ಕೊಟ್ಟರು: "ಈ ಬಿಸಲಾಗ ಹಪ್ಪಳಾನೂ ಅರ್ಧ ತಾಸಿನ್ಯಾಗ ಒಣಗತಾವ್ರೀ. ನೈಲಾನ್ ಯಾಕ ಒಣಗಂಗಿಲ್ಲ ಅಂದ್ಕೊಂಡ್ನಿ."

ಇದು ತಪ್ಪು ಅಂತ ಯಾರನ್ನೂ ದೂರಲು ನನಗೆ ಮನಸ್ಸಿಲ್ಲ, ಕಣ್ಣಿಗೆ ಕಾಣುವುದನ್ನು ನೋಡಿ ಎಲ್ಲರೂ ಹಾಗೇ ಯೋಚಿಸುತ್ತಾರೆ. ಆದರೆ ನೈಲಾನ್‌ಗೆ ನಮ್ಮ ಏಪ್ರಿಲ್ ಗಾಳಿಯೂ ಒಣ ಗಾಳಿ ಅಲ್ಲ. ಅಷ್ಟು ಬಿಸಿಲಲ್ಲೂ ಬಾಯಿ ಬಿಚ್ಚಿದ ಚೀಲದ ಕಾಳಿನಲ್ಲಿ ನೂರಕ್ಕೆ ಒಂದು ಭಾಗದಷ್ಟು ನೀರು ಉಳಿದಿರಬಹುದು. ಮೋಲ್ಡಿಂಗ್‌ಗೆ ಹಾಕುವ ನೈಲಾನ್ 6ರಲ್ಲಿ ಇರಬೇಕಾದ್ದು ನೂರಕ್ಕೆ 0.2ಕ್ಕಿಂತ ಕಡಿಮೆ.

ಕಡಿಮೆ ಇರಲೇಬೇಕು ಯಾಕೆ ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಶೆಡ್‌ನ ಗೋಡೆಯ ಮೇಲೆ ಚಾಕ್‌ನಿಂದ ಬರೆದು ತೋರಿಸಿದೆ. ಐದು ಇಂಗಾಲ ಮತ್ತು ಒಂದು ಅಮೈಡ್ ಗಂಟು ಸೇರಿಸಿ ಒಂದು ಕೊಂಡಿ ಅಂತ ಎಣಿಸಿದರೆ ಅದರ ಅಣುಭಾರ 113. ಸರಾಸರಿ ಸರಪಳಿಯ ಅಣುಭಾರ 18,000 ಅಂತ ಹಿಡಿಯೋಣ. ಅಂದರೆ ಸುಮಾರು 160 ಕೊಂಡಿ. ನೀರಿನ ಅಣುಭಾರ 18. ಹಾಗಾಗಿ 18,000 ಗ್ರಾಂ ನೈಲಾನ್‌ನಲ್ಲಿ ಎಷ್ಟು ಸರಪಳಿ ಇವೆಯೋ 18 ಗ್ರಾಂ ನೀರಿನಲ್ಲಿ ಅಷ್ಟೇ ಅಣು. ಒಂದು ಕಿಲೋ ನೈಲಾನ್‌ಗೆ ಒಂದೇ ಗ್ರಾಂ ನೀರು ಬಿದ್ದರೂ ಪ್ರತಿ ಸರಪಳಿಗೂ ಒಂದೊಂದು ನೀರಿನ ಅಣು ಸಿಕ್ಕ ಹಾಗಾಯಿತು. ಮಷಿನ್‌ನೊಳಗೆ ನೈಲಾನ್ ಕರಗುವ ಕೊಳವೆಯ (ಬ್ಯಾರಲ್) 240 ಡಿಗ್ರಿಯಲ್ಲಿ ಒಂದು ನೀರಿನ ಅಣು ಒಂದು ಅಮೈಡ್ ಗಂಟನ್ನು ಕತ್ತರಿಸಬಲ್ಲದು. ಎಲ್ಲ ಅಣುಗಳೂ ಕತ್ತರಿಸುವುದಿಲ್ಲ. ಒಂದಿಷ್ಟು ಆವಿಯಾಗಿ ಗುಳ್ಳೆ ಆಗುತ್ತವೆ, ಒಂದಿಷ್ಟಕ್ಕೆ ಸಮಯ ಸಾಲುವುದಿಲ್ಲ. ಆದರೆ ಕತ್ತರಿಸಿದರೆ 160 ಕೊಂಡಿಯ ಸರಪಳಿ ಸರಾಸರಿ 80ಕ್ಕೆ ಬರುತ್ತದೆ. 25 ಕಿಲೋ ಚೀಲಕ್ಕೆ ಇದಕ್ಕೆ ಬೇಕಾದ ನೀರು ಬರೀ 25 ಗ್ರಾಂ. ಕಟ್ ಚಹಾದ ಗ್ಲಾಸಿನಲ್ಲಿ ಅರ್ಧವೂ ಆಗುವುದಿಲ್ಲ. ಆ ಹಳೇ ಚೀಲದಲ್ಲಿ ನೂರಕ್ಕೆ ಒಂದರ ಲೆಕ್ಕದಲ್ಲಿ ಇದ್ದಿದ್ದು 250 ಗ್ರಾಂ.

ಸರಪಳಿ ಗಿಡ್ಡ ಆದರೆ ಏನಾಗುತ್ತದೆ? ಅದು ಏಪ್ರಿಲ್, ಮನೆಮನೆಯ ಮಾಳಿಗೆ ಮೇಲೆ ಶಾವಿಗೆ ಒಣಗುವ ಕಾಲ. ಹಸಿ ಶಾವಿಗೆ ಉದ್ದವಾಗಿದ್ದಾಗ ಒಂದು ಎಳೆ ಹಿಡಿದು ಎಳೆದರೆ ಹತ್ತು ಎಳೆ ಜೊತೆಗೆ ಬರುತ್ತವೆ. ಒಂದಕ್ಕೊಂದು ಸುತ್ತಿಕೊಂಡಿರುತ್ತವೆ. ಅದೇ ಶಾವಿಗೆಯನ್ನು ತುಂಡು ಮಾಡಿ ಎಳೆದು ನೋಡಿ, ಕೈಗೆ ಬರುವುದು ಒಂದು ತುಂಡು ಮಾತ್ರ. ಸರಪಳಿಗಳೂ ಹಾಗೇ. ಉದ್ದ ಇದ್ದಾಗ ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ, ಪೆಟ್ಟನ್ನು ಹಂಚಿಕೊಳ್ಳುತ್ತವೆ. ಗಿಡ್ಡ ಆದರೆ ಸಿಕ್ಕು ಇಲ್ಲ, ಬಿರುಕಿಗೆ ದಾರಿ ಸುಲಭ. ಕರಗಿದಾಗ ನೀರಿನ ಹಾಗೆ ಹರಿಯುವುದೂ ಅದೇ ಕಾರಣಕ್ಕೆ. ನಾಝಲ್ ಸೋರಿದ್ದು, ಡೈನ ಸಂದಿಗೆ ಪೊರೆ ಬಂದಿದ್ದು, ಬುಷ್ ಮುರಿದಿದ್ದು ಮೂರಕ್ಕೂ ಬೇರು ಒಂದೇ. ಹುಡುಗ ಟೆಂಪರೇಚರ್ ಇಳಿಸಿದಾಗ ಹರಿವು ಸರಿಹೋದಂತೆ ಕಂಡಿತು, ಕತ್ತರಿಸಿಹೋದ ಸರಪಳಿ ಸರಿಹೋಗಲಿಲ್ಲ.

ಅವನು ಎಲ್ಲ ಕೇಳಿಸಿಕೊಂಡು ಒಂದು ಮಾತು ಅಂದ. "ಸರ್ರ, ಕಾಳು ಒಣಗಸ್ರಿ ಅಂತೀರಿ. ಬುಷ್ ಮಾಡಿದ ಮ್ಯಾಲೆ ನೀರಾಗ ಕುದಸ್ರಿ ಅಂತೀರಿ. ಎರಡೂ ಅದ ನೀರ, ಅದ ನೈಲಾನ್."

ಇಡೀ ಪ್ರಕರಣವನ್ನು ಅವನೇ ಎರಡು ಸಾಲಿನಲ್ಲಿ ಹೇಳಿಬಿಟ್ಟಿದ್ದ. ವ್ಯತ್ಯಾಸ ಇರುವುದು ಬಿಸಿಯಲ್ಲಿ. ಕರಗಿದ ನೈಲಾನ್‌ನ 240 ಡಿಗ್ರಿಯಲ್ಲಿ ನೀರು ಸರಪಳಿಯನ್ನೇ ಕತ್ತರಿಸುತ್ತದೆ. ಅದು ರಾಸಾಯನಿಕ ಕೆಲಸ, ಶೆಡ್‌ನಲ್ಲಿ ಅದನ್ನು ಹಿಂದೆ ತಿರುಗಿಸಲು ಬರುವುದಿಲ್ಲ. ಗಟ್ಟಿಯಾದ ಮೇಲೆ, ಮೂರು ತಾಸು ಕುದಿಯುವ ನೀರಿನಲ್ಲಿ, ಅದು ಸರಪಳಿಗಳ ನಡುವೆ ಹೋಗಿ ಕೂರುತ್ತದೆ ಅಷ್ಟೇ. ಬೇಕಾದರೆ ಒಣಗಿಸಿ ಹೊರಗೆ ಕಳಿಸಬಹುದು.

ಕಾಲರ್ ಬುಡದ ಮೂಲೆ

ಮೊದಲ ಗುಂಪಿನಲ್ಲೂ ಎಲ್ಲ ಬುಷ್ ಒಂದೇ ಜಾಗದಲ್ಲಿ ಮುರಿದಿದ್ದವು, ಕಾಲರ್ ಕೊಳವೆಗೆ ಸೇರುವ ಬುಡದಲ್ಲಿ. ಡೈನಲ್ಲಿ ಆ ಮೂಲೆ ಚಾಕುವಿನ ಅಂಚಿನಂತೆ ಚೂಪಾಗಿತ್ತು. ಒಣ ನೈಲಾನ್‌ಗೆ ಚೂಪು ಮೂಲೆ ಅಂದರೆ ಆಗುವುದಿಲ್ಲ, ಪೆಟ್ಟೆಲ್ಲ ಅಲ್ಲೇ ಸೇರುತ್ತದೆ. ಡೈ ಮಾಡಿದವರಿಂದ ಅರ್ಧ ಮಿ.ಮೀ. ದುಂಡಗೆ ಮಾಡಿಸಿದೆವು. ಅರ್ಧ ದಿನದ ಕೆಲಸ.

ಎಚ್‌ಡಿಪಿಇ ಹಾಕಿದರೆ ಆಗದೇ?

ಈ ಹೊತ್ತಿಗೆ ಕೂರಿಗೆ ಮಾಡುವವರೂ ಬಂದು ಕೂತಿದ್ದರು. "ಇಷ್ಟ್ಯಾಕ್ರೀ ರಗಳೆ? ಎಚ್‌ಡಿಪಿಇ ಹಾಕಿಬಿಡ್ರಿ. ಸಸ್ತಾನೂ ಆತು, ನೀರಿನ ತಾಪತ್ರಯನೂ ಇಲ್ಲ."

ಮಾತು ತೆಗೆದುಹಾಕುವಂಥದ್ದಲ್ಲ. ಆದರೆ ಸರಪಳಿಗಳ ನಡುವೆ ಹಿಡಿತ ಇಲ್ಲ ಅಂದೆನಲ್ಲ, ಅದಕ್ಕೆ ಬೆಲೆ ತೆರಬೇಕಾಗುತ್ತದೆ. ಶಾಫ್ಟಿನ ಭಾರ ತಿಂಗಳುಗಟ್ಟಲೆ ಒಂದೇ ಕಡೆ ಬಿದ್ದರೆ ಎಚ್‌ಡಿಪಿಇ ಸರಪಳಿಗಳು ನಿಧಾನಕ್ಕೆ ಜಾರುತ್ತವೆ. ದುಂಡು ತೂತು ಮೊಟ್ಟೆಯಾಕಾರ ಆಗುತ್ತದೆ. ಹಿತ್ತಲಿನಲ್ಲಿ ಇಟ್ಟ ಪ್ಲಾಸ್ಟಿಕ್ ಕುರ್ಚಿಯ ಕಾಲು ಎರಡು ವರ್ಷದಲ್ಲಿ ಬಾಗುವುದನ್ನು ನೋಡಿರುತ್ತೀರಿ, ಅದೇ ಥರದ ಜಾರಾಟ. ಸರಪಳಿಯನ್ನು ಹತ್ತಾರು ಲಕ್ಷ ಅಣುಭಾರಕ್ಕೆ ಬೆಳೆಸಿದ ಪಾಲಿಥಿನ್ ಇದೆ, ಸವೆತಕ್ಕೆ ಅದರಷ್ಟು ಗಟ್ಟಿ ಪ್ಲಾಸ್ಟಿಕ್ ಕಡಿಮೆ. ಆದರೆ ಅಷ್ಟು ಉದ್ದದ ಸರಪಳಿ ಕರಗಿದರೂ ಹರಿಯುವುದಿಲ್ಲ. ಇವರ ಮಷಿನ್‌ನಲ್ಲಿ ಅಚ್ಚು ಹಾಕಲು ಬರುವುದಿಲ್ಲ. ರಾಡ್ ತಂದು ಲೇಥ್‌ನಲ್ಲಿ ಕೊರೆಯಬೇಕು. ಇನ್ನು ಅಸಿಟಾಲ್ ಅನ್ನುವ ಬೇರೊಂದು ಪ್ಲಾಸ್ಟಿಕ್. ನೀರು ತೀರ ಕಡಿಮೆ ಕುಡಿಯುತ್ತದೆ, ಅಳತೆ ಹೆಚ್ಚು ಬದಲಾಗುವುದಿಲ್ಲ, ಒಳ್ಳೆಯ ವಸ್ತು. ಮಾಲೀಕರು ಕೇಳಿದ ರೇಟಿಗೆ ಅದು ಹೊಂದಲಿಲ್ಲ. ಹೊಂದಿದ್ದರೆ ನಾನು ಅದನ್ನೇ ಹೇಳುತ್ತಿದ್ದೆನೇನೋ. ಹೊಲದ ಧೂಳು, ಪೆಟ್ಟು, ಬೆಲೆ ಮೂರನ್ನೂ ನೋಡಿದರೆ ಈ ಕೆಲಸಕ್ಕೆ ನೈಲಾನ್ 6 ಸರಿಯಾದ ಆಯ್ಕೆ ಅನ್ನುವುದೇ ನನ್ನ ಅಭಿಪ್ರಾಯ. ಆದರೆ ನೈಲಾನ್ ಬಳಸುವವರು ಅದರ ನೀರಿನ ಲೆಕ್ಕವನ್ನೂ ಒಪ್ಪಿಕೊಳ್ಳಬೇಕು.

ಹಾನಗಲ್ಲಿನ ಹಳೇ ತಕರಾರು

ಲೆಕ್ಕ ಅಂದಕೂಡಲೇ ಕೂರಿಗೆಯವರಿಗೆ ಏನೋ ನೆನಪಾಯಿತು. ಎರಡು ವರ್ಷದಿಂದ ಹಾನಗಲ್, ಕಲಘಟಗಿ ಕಡೆಯ ರೈತರು ಒಂದು ತಕರಾರು ಹೇಳುತ್ತಿದ್ದರಂತೆ. ಭತ್ತ ಬಿತ್ತಿದ ಮೇಲೆ ಮಳೆಗಾಲದಲ್ಲಿ ಶಾಫ್ಟ್ ಬಿಗಿ ಆಗುತ್ತದೆ, ಕೈಯಿಂದ ತಿರುಗಿಸಲು ಬರುವುದಿಲ್ಲ ಅಂತ. ಅದೇ ಕೂರಿಗೆ ರೋಣ, ನರಗುಂದದ ಕಡೆ ಹೋದರೆ ಯಾರೂ ಏನೂ ಹೇಳುವುದಿಲ್ಲ. "ಮಣ್ಣು ಸಿಕ್ಕಿರಬೇಕು ಅಂದ್ಕೊಂಡಿದ್ವಿ."

ಮಣ್ಣಲ್ಲ, ನೀರು. ಸರಪಳಿಗಳ ನಡುವೆ ನೀರು ಕೂತರೆ ಸರಪಳಿಗಳು ದೂರ ಸರಿಯಬೇಕಲ್ವಾ? ತುಂಡು ದಪ್ಪ ಆಗುತ್ತದೆ. ಅಂದಾಜು ಲೆಕ್ಕ ಹೀಗಿದೆ: ನೂರಕ್ಕೆ ಒಂದು ಭಾಗ ನೀರು ಕುಡಿದರೆ ಅಳತೆ ನೂರಕ್ಕೆ ಕಾಲು ಭಾಗದಷ್ಟು ಹಿಗ್ಗುತ್ತದೆ. ಎರಡೂವರೆ ಭಾಗ ಕುಡಿದರೆ 26 ಮಿ.ಮೀ. ಹೊರ ಅಳತೆ 0.16 ಮಿ.ಮೀ. ಬೆಳೆಯಬೇಕು. ಸುತ್ತ ಕಬ್ಬಿಣದ ಪ್ಲೇಟು ಇದ್ದರೆ ಹೊರಗೆ ಬೆಳೆಯಲು ಜಾಗವಿಲ್ಲ. ಒಳಗೆ ಬೆಳೆಯುತ್ತದೆ, ತೂತು ಚಿಕ್ಕದಾಗುತ್ತದೆ. ಇವರು ಶಾಫ್ಟಿಗೂ ತೂತಿಗೂ ನಡುವೆ ಬಿಟ್ಟಿದ್ದ ಸಡಿಲು 0.1 ಮಿ.ಮೀ. ಹಾನಗಲ್ಲಿನ ಜುಲೈ ಗಾಳಿಯಲ್ಲಿ ನೈಲಾನ್ ಎರಡೂವರೆಗೆ ನಿಲ್ಲುವುದೂ ಇಲ್ಲ. ರೋಣದ ಒಣ ಹವೆಯಲ್ಲಿ ಅಷ್ಟು ಕುಡಿಯುವುದಿಲ್ಲ, ಶಾಫ್ಟ್ ಆರಾಮಾಗಿ ತಿರುಗುತ್ತದೆ.

ಹಾಗಾಗಿ ಡೈನ ನಡುವಿನ ಪಿನ್ ಬದಲಿಸಿದೆವು. ಸಡಿಲು 0.3 ಮಿ.ಮೀ.ಗೆ ಏರಿಸಿದೆವು. ಬುಷ್‌ಗೆ ಮೊದಲು ನೀರು ಕುಡಿಸಿ, ಹಿಗ್ಗಿದ ಮೇಲೆ ಪ್ಲೇಟಿಗೆ ಕೂಡಿಸುವುದು ಅಂತ ನಿಯಮ ಮಾಡಿದೆವು.

4,000ದಲ್ಲಿ ಹಳೇ ಚೀಲದಿಂದ ಬಂದಿದ್ದು ಸುಮಾರು 1,400. ಅವನ್ನು ಉಳಿಸಲು ದಾರಿ ಇರಲಿಲ್ಲ. ಅರೆದು ಹೊಸ ಮಾಲಿಗೆ ಸ್ವಲ್ಪ ಸ್ವಲ್ಪ ಸೇರಿಸಿಬಿಡೋಣ ಅಂತ ಮಾಲೀಕರು ಎರಡು ಸಲ ಕೇಳಿದರು. ಗಿಡ್ಡ ಸರಪಳಿ ಸೇರಿದರೆ ಹೊಸದರ ಬಲವೂ ಇಳಿಯುತ್ತದೆ, ಬೇಡ ಅಂದೆ. ಸ್ಕ್ರ್ಯಾಪ್‌ಗೆ ಹೋಯಿತು. ಅವರಿಗೆ ನಷ್ಟವಾಯಿತು, ನನಗೂ ಬೇಜಾರಾಯಿತು. ಉಳಿದ 2,600 ಬುಷ್ ಎರಡು ಬ್ಯಾರೆಲ್ ಬಿಸಿನೀರಿನಲ್ಲಿ ಕುದ್ದು ಮರಳಿ ಹೋದವು. ಅವುಗಳ ತೂತನ್ನು ರೀಮರ್ ಹಾಕಿ ಹಿಗ್ಗಿಸಬೇಕಾಯಿತು.

ಡ್ರೈಯರ್‌ಗೆ ಹೊಸ ಕಾಯಿಲ್ ಬಂತು. ಈಗ ಕಾಳು 80 ಡಿಗ್ರಿಯಲ್ಲಿ ಕನಿಷ್ಠ ನಾಲ್ಕು ತಾಸು ಒಣಗುತ್ತದೆ. ಬಾಯಿ ಬಿಚ್ಚಿದ ಚೀಲವಾದರೆ ಇನ್ನೂ ಜಾಸ್ತಿ ಹೊತ್ತು. ಒಣಗಿದೆಯೋ ಇಲ್ಲವೋ ಅಂತ ನೋಡಲು ಹುಡುಗನಿಗೆ ಒಂದು ಸುಲಭ ಪರೀಕ್ಷೆ ಕಲಿಸಿದೆ. ನೈಲಾನ್ ಕರಗುವಷ್ಟು ಕಾದ ಹಾಟ್‌ಪ್ಲೇಟ್ ಮೇಲೆ ಗಾಜಿನ ಪಟ್ಟಿ ಇಟ್ಟು ನಾಲ್ಕು ಕಾಳು ಹಾಕಬೇಕು, ಮೇಲೆ ಇನ್ನೊಂದು ಗಾಜು ಇಟ್ಟು ಒತ್ತಬೇಕು. ಕಾಳು ಕರಗಿ ಬಿಲ್ಲೆಯಂತೆ ಹರಡುತ್ತದೆ. ಬಿಲ್ಲೆಯಲ್ಲಿ ಗುಳ್ಳೆ ಎದ್ದರೆ ನೀರು ಇದೆ. ಮೊದಲ ಸಲ ಹಳೇ ಚೀಲದ ಕಾಳು ಹಾಕಿದಾಗ ಬಿಲ್ಲೆ ತುಂಬ ಗುಳ್ಳೆ, ದೋಸೆ ಹಂಚಿನ ಮೇಲೆ ಎದ್ದ ಹಾಗೆ. ಅವನು ಬಹಳ ಹೊತ್ತು ಅದನ್ನೇ ನೋಡುತ್ತ ನಿಂತಿದ್ದ.

ಮೊದಲ ಗುಂಪಿನ ಹತ್ತು ಬುಷ್ ಕುದಿಸದೆ ನಾನು ಧಾರವಾಡಕ್ಕೆ ತಂದಿದ್ದೆ. ಕೋಣೆಯ ಕಿಟಕಿ ಪಕ್ಕದ ಕಪಾಟಿನಲ್ಲಿ ತೆರೆದ ತಟ್ಟೆಯಲ್ಲಿ ಇಟ್ಟೆ. ಏಪ್ರಿಲ್‌ನಲ್ಲಿ ಹತ್ತರ ತೂಕ 97 ಗ್ರಾಂ. ಮೇ ಪೂರ್ತಿ ಹೆಚ್ಚೇನೂ ಏರಲಿಲ್ಲ. ಜೂನ್ ಎರಡನೇ ವಾರ ಮಳೆ ಹಿಡಿಯಿತು, ತೂಕ ಏರಲು ಶುರುವಾಯಿತು. ಧಾರವಾಡದ ಸೋನೆ ಗೊತ್ತಲ್ಲ, ಹಪ್ಪಳ ಡಬ್ಬಿಯಲ್ಲೇ ಮೆತ್ತಗಾಗುತ್ತದೆ. ಆಗಸ್ಟ್ ಕೊನೆಗೆ ತೂಕ 99.7 ಗ್ರಾಂ ಆಗಿತ್ತು. ಹೊರ ಅಳತೆ 26.00ರಿಂದ 26.18 ಮಿ.ಮೀ.ಗೆ ಬಂದಿತ್ತು.

ಆ ಹತ್ತನ್ನೂ ಶೆಡ್‌ಗೆ ಒಯ್ದೆ. ಹುಡುಗ ಪೈಪು ನೆಟ್ಟಗೆ ಹಿಡಿದ, ಮೇಲಿಂದ ಕಲ್ಲು ಬಿಟ್ಟೆ. ಹತ್ತರಲ್ಲಿ ಒಂದೂ ಮುರಿಯಲಿಲ್ಲ. ಎರಡರ ಕಾಲರ್ ಸ್ವಲ್ಪ ಬಾಗಿತ್ತು ಅಷ್ಟೇ. ಅವನು ಡ್ರೈಯರ್ ಪಕ್ಕದ ಗೋಡೆಯ ಮೇಲೆ, ನನ್ನ ಹಳೇ ಲೆಕ್ಕದ ಕೆಳಗೆ, 97 ಮತ್ತು 99.7 ಅಂತ ಚಾಕ್‌ನಿಂದ ಬರೆದಿಟ್ಟ.